ಒಂದೂವರೆ ಮೀಟರಿನ ಹಳಿ

ಎಸ್‌ಜೆಪಿ ರಸ್ತೆಯ ಮೂರನೇ ಅಂಗಡಿಯಲ್ಲೂ ಅದೇ ಪ್ರಶ್ನೆ:
"ಯಾರಿಗಮ್ಮಾ, ಯಜಮಾನರಿಗಾ?"
ನನಗೇ, ಅಂದೆ.
ಹುಡುಗ ಟೀ ಲೋಟ ಕೆಳಗಿಟ್ಟ.

ನೀಲಿ ಡಬ್ಬದ ಗರಗಸ ಮೂವತ್ತೆಂಟು ಸಾವಿರ.
ಅದು ಓಡುವ ಹಳಿಗೆ ಬೇರೆ ದುಡ್ಡು,
ಹಳಿಗೆ ಹಳಿ ಸೇರಿಸುವ ಕೊಂಡಿಗೆ ಬೇರೆ.
ಹಸಿರು ಡಬ್ಬದ್ದರ ರೇಟನ್ನು ಬಾಯಿಬಿಟ್ಟು ಹೇಳದೆ
ಕ್ಯಾಲ್ಕುಲೇಟರಲ್ಲಿ ಒತ್ತಿ ನನ್ನ ಕಡೆ ತಿರುಗಿಸಿದ,
ಡಾಕ್ಟರು ರಿಪೋರ್ಟು ತಿರುಗಿಸುವ ಹಾಗೆ.

ಪಿಎಫ್ ದುಡ್ಡಿನಲ್ಲಿ ಮಗಳ ಫೀಸು,
ಅಡವಿಟ್ಟ ಓಲೆ ಬಿಡಿಸಿದ್ದು ಕಳೆದು
ಉಳಿದದ್ದು ಹದಿನೇಳೂವರೆ ಸಾವಿರ.

ಪೀಣ್ಯದ ಗಾರ್ಮೆಂಟ್ಸಿನಲ್ಲಿ
ಇಪ್ಪತ್ತೊಂದು ವರ್ಷ ನಾನು ಕಟಿಂಗ್ ಸೆಕ್ಷನ್ನು.
ನೂರಿಪ್ಪತ್ತು ಪದರ ಬಟ್ಟೆ, ಒಂದೇ ಅಲಗು,
ಎಡಗೈಗೆ ಉಕ್ಕಿನ ಬಲೆಯ ಗ್ಲೌಸು,
ಯಾವುದೋ ದೇಶದ ಯಾರದೋ ತೋಳು, ಕಾಲರು.
ಗೆರೆಯ ಒಳಗೆ ಹೋಗಬೇಕೋ ಹೊರಗೋ
ಅಂತ ಹೊಸ ಹುಡುಗಿಯರು ಕೇಳೋರು.
ಗೆರೆಯನ್ನೇ ತಿನ್ನಿಸು, ಅಂತಿದ್ದೆ.

ಅಷ್ಟು ವರ್ಷ ನಿಂತದ್ದು ಕಂಪನಿಯ ಮೇಜಿಗೆ.
ಈಗ ನನ್ನದೊಂದು ಬೇಕು.
ಆರಡಿ ಉದ್ದ, ಮೂರಡಿ ಅಗಲ,
ಎತ್ತರ ನನ್ನ ಸೊಂಟಕ್ಕೆ,
ಸೂಪರ್‌ವೈಸರನ ಸೊಂಟಕ್ಕಲ್ಲ.

ಮಾಗಡಿ ರಸ್ತೆಯ ಪ್ಲೈವುಡ್‌ನವರು
ಪುಕ್ಕಟೆ ಕುಯ್ದು ಕೊಡ್ತೀವಿ ಅಂದಿದ್ದರು.
ಅವರ ನೇರ ಟೆಂಪೊ ಹತ್ತುವಷ್ಟು ನೇರ.

ನಾಲ್ಕನೇ ಅಂಗಡಿಗೆ ಬೋರ್ಡೇ ಇರಲಿಲ್ಲ.
ಇನಾಯತ್ ಸಾಹೇಬರು ಸ್ಟೂಲು ಹತ್ತಿ
ಹೆಸರಿಲ್ಲದ ಪೆಟ್ಟಿಗೆಯೊಂದನ್ನು ಇಳಿಸಿದರು.
ಹನ್ನೊಂದು ಸಾವಿರದ ಇನ್ನೂರು,
ಹಳಿ ಎರಡು, ಒಂದೊಂದು ಒಂದೂವರೆ ಮೀಟರು.

ಒಂದು ಕಣ್ಣು ಮುಚ್ಚಿ ಹಳಿಯುದ್ದಕ್ಕೂ ನೋಡಿದೆ.
ಆ ತುದಿಯಲ್ಲಿ ಸಿಗ್ನಲ್ಲಿಗೆ ನಿಂತ ಬಸ್ಸಿನ ಒಂದು ಸೀಳು,
ಅದರೊಳಗೊಂದು ಮೊಣಕೈ.
ನಡುವೆ ಎಲ್ಲೂ ಸೊಟ್ಟಗಿಲ್ಲ.
ಬ್ಲೇಡನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ.
ಅಲ್ಲಾಡಲಿಲ್ಲ.
ಸ್ವಲ್ಪ ಅಲ್ಲಾಡಿತು, ಸುಳ್ಳು ಯಾಕೆ.

"ಆಳ ಕೂರಿಸೋ ಈ ತಿರುಪು ಪ್ಲಾಸ್ಟಿಕ್ಕು,
ಎರಡು ವರ್ಷಕ್ಕೋ ಮೂರಕ್ಕೋ ಮುರಿಯುತ್ತೆ.
ಮುರಿದಾಗ ತನ್ನಿ, ಹಿತ್ತಾಳೇಲಿ ಮಾಡಿಸಿ ಕೊಡ್ತೀನಿ."
ಏನು ಮುರಿಯುತ್ತೆ ಅಂತ
ಮೂರಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ಜೊತೆಗೆ ಬಂದ ಬ್ಲೇಡು ಬೇಡ, ಅಂದೆ.
ನಲವತ್ತೆಂಟು ಹಲ್ಲಿನದು ಕೊಡಿ, ಒಳ್ಳೇದು.
ಸಾವಿರದ ಒಂಬೈನೂರು.
ಗರಗಸದಲ್ಲಿ ಉಳಿಸಬಹುದು, ಹಲ್ಲಿನಲ್ಲಿ ಆಗಲ್ಲ.
ಆಗ ಅವರು ನನ್ನ ಹೆಬ್ಬೆರಳಿನ
ಹಳೇ ಹೊಲಿಗೆ ನೋಡಿ, ಏನೂ ಕೇಳದೆ,
ನೂರು ರೂಪಾಯಿ ಬಿಟ್ಟರು.

ಹಳಿಗಳನ್ನು ಬೆಡ್‌ಶೀಟಲ್ಲಿ ಸುತ್ತಿ
ಮಾರ್ಕೆಟ್ಟಿಂದ ಲಗ್ಗೆರೆ ಬಸ್ಸು.
"ಏನಮ್ಮಾ, ಕರ್ಟನ್ ರಾಡಾ?"
ಹೂಂ, ಅಂದೆ.
ನನಗೆ ಟಿಕೇಟು ಫ್ರೀ,
ಹಳಿಗೆ ಹದಿನೈದು ರೂಪಾಯಿ ಹರಿದ.

ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ,
ಥರ್ಮಾಕೋಲಿನ ಮೇಲೆ ಪ್ಲೈ ಮಲಗಿಸಿದೆ.
ಸೀರಿಯಲ್ ಹೊತ್ತಲ್ಲಿ ಮಾತ್ರ ಬೇಡ ಅಂತ
ಮನೆ ಓನರು ವನಜಾಕ್ಷಮ್ಮನ ಷರತ್ತು.
ಗಂಟೆ ನಾಲ್ಕು.

ಹಳಿಯಂಚಿಗೆ ಕಪ್ಪು ರಬ್ಬರಿನ ಪಟ್ಟಿ,
ಬೇಕಂತಲೇ ಒಂದು ನೂಲು ಜಾಸ್ತಿ.
ಮೊದಲ ಸಲ ಕೊಯ್ಯುವುದು ಅದನ್ನು.
ಈ ಗರಗಸ, ಈ ಬ್ಲೇಡು ಎಲ್ಲಿ ಹೋಗುತ್ತದೋ
ಅಲ್ಲಿಗೆ ಕುಯ್ಯಿಸಿಕೊಂಡು ನಿಲ್ಲುತ್ತದೆ.
ಅಲ್ಲಿಂದಾಚೆ ರಬ್ಬರಿನ ಅಂಚೇ ಗೆರೆ.
ಇನ್ನು ಈ ಹಳಿ ಬೇರೆಯವರ ಗರಗಸಕ್ಕೆ ಆಗಿಬರೋಲ್ಲ,
ಒಬ್ಬರ ಅಳತೆಗೆ ಹೊಲಿದ ರವಿಕೆಯ ಹಾಗೆ.

ಟೈಲರ್ ಚಾಕಿನಲ್ಲಿ ಗುರುತು ಹಾಕಿ
ರಬ್ಬರನ್ನು ಗುರುತಿಗೆ ಕೂರಿಸಿ ಸ್ವಿಚ್ಚು ಒತ್ತಿದೆ.
ಪಾರಿವಾಳಗಳೆಲ್ಲ ಪಕ್ಕದ ತಾರಸಿಗೆ.
ಹಳಿ ಸೇರುವ ಜಾಗದಲ್ಲಿ ಕೂದಲಷ್ಟು ಎಡವಿತು,
ಅಂಗೈಗೆ ಗೊತ್ತಾಯಿತು, ಕಣ್ಣಿಗಲ್ಲ.
ನಿಲ್ಲಿಸಲಿಲ್ಲ.

ಹೊಟ್ಟು ಊದಿ ಅಂಚು ಸವರಿದೆ,
ಗ್ಲೌಸಿಲ್ಲದ ಎಡಗೈಯಲ್ಲಿ, ಎರಡು ಸಲ.
ಎಡವಿದಲ್ಲಿ ಬಿಟ್ಟರೆ ಎಲ್ಲೂ ಸಿಬಿರಿಲ್ಲ.

ಕೆಳಗಿಂದ ವನಜಾಕ್ಷಮ್ಮ:
"ಆಯ್ತೇನೇ ಚಿಕ್ಕತಾಯಿ?"

ಉದ್ದ ಆಯ್ತು, ಅಂದೆ.
ಅಗಲ ಬಾಕಿ.