ಕರಪತ್ರ

ಮಂಡಿ ಮೊಹಲ್ಲದಲ್ಲಿ ಇನಾಯತ್ ಸಾಬರ ಪ್ರೆಸ್ಸು.
ಕರಡು ತಿದ್ದಲು ಕೂತಿದ್ದೇನೆ, ಕಾಲು ಕುಂಟುವ ಸ್ಟೂಲಿನ ಮೇಲೆ,
ನಾನು, ಕೆಂಪದೇವಮ್ಮ, ಮಾಜಿ ಶಾಸಕಿ.
ಹೆಸರಿಗಿಂತ ದಪ್ಪಗೆ ಬಂದಿದೆ ‘ಮಾಜಿ’.
ಕಂಪ್ಯೂಟರಿನ ಹುಡುಗ ನಾಲಿಗೆ ಕಚ್ಚಿಕೊಂಡ.
ಇರಲಿ ಬಿಡಪ್ಪ, ಅಂದೆ,
ಜನ ಒತ್ತಿ ಹೇಳಿದ್ದನ್ನೇ ನೀನು ಒತ್ತಿ ಹಾಕಿದ್ದೀಯ.

ಓದುತ್ತೇನೆ, ಗಟ್ಟಿಯಾಗಿ, ಸಭೆಯಲ್ಲಿ ಓದುವಂತೆ:
ಮಹಾಜನರೇ,
ಒಂದೇ ದೇಶ ಒಂದೇ ತೆರಿಗೆ ಅಂದರು.
ಆ ಒಂದು ಐದಾಯಿತು, ಹನ್ನೆರಡಾಯಿತು,
ಹದಿನೆಂಟಕ್ಕೆ ಹಾರಿ ಇಪ್ಪತ್ತೆಂಟರಲ್ಲಿ ಕೂತಿತು,
ಮಗ್ಗಿ ಮರೆತ ಮಗು ಬಾಯಿಗೆ ಬಂದದ್ದು ಹೇಳಿದ ಹಾಗೆ.
ಪಕ್ಕದ ಗಲ್ಲಿಯ ಹಾಜಿರಾಬಿ
ಸಾವಿರ ಊದುಬತ್ತಿ ಹೊಸೆದ ಕೂಲಿಯಲ್ಲಿ
ಕೈ ತೊಳೆಯಲು ಸೋಪು ಕೊಂಡರೆ ಹದಿನೆಂಟು.
ಕಾರ್ಖಾನೆಯ ಧಣಿ ಕೊಂಡರೂ ಹದಿನೆಂಟೇ.
ಇದಕ್ಕೆ ಸಮಾನತೆ ಅಂತ ಹೆಸರಿಟ್ಟವರು
ಧಣಿಯ ಲಾಭದ ಮೇಲಿನದ್ದನ್ನು ಮಾತ್ರ
ಕೇಳಿದ್ದೇ ತಡ ಇಳಿಸಿಕೊಟ್ಟರು.
ನಾವು ಕಳಿಸಿದ ರೂಪಾಯಿ
ದೆಹಲಿ ನೋಡಿಕೊಂಡು ವಾಪಸ್ಸು ಬರುವಾಗ
ದಾರಿಖರ್ಚು ಕಳೆದು ಚಿಲ್ಲರೆಯಾಗಿರುತ್ತದೆ.

ಚೆನ್ನಾಗಿದೆ ಮೇಡಂ, ಅಂದರು ಸಾಬರು,
ಕನ್ನಡಕ ಹಣೆಗೆ ಏರಿಸಿ.
ಹಿಂದೆ, ನಿಮ್ಮ ಸರ್ಕಾರ ಇದ್ದಾಗ, ಅವರೂ
ನಿಮ್ಮನ್ನು ಹೀಗೇ ಬೈದು ಅಚ್ಚು ಹಾಕಿಸಿದ್ದರು,
ವ್ಯಾಟಿನ ಮೇಲೆ ಪ್ರವೇಶ ತೆರಿಗೆ ಬೇರೆ ಕೇಡು ಅಂತ.
ಆ ಫೈಲು ಇನ್ನೂ ಇದೆ. ಹೆಸರು ಬದಲಿಸಿದ್ದರೆ
ನಿಮಗೆ ಡಿಟಿಪಿ ಖರ್ಚು ಉಳಿಯುತ್ತಿತ್ತು.

ನಕ್ಕೆ. ನಗದೆ ಏನು ಮಾಡಲಿ.
ಆ ಮಸೂದೆ ಬಂದ ದಿನ ಊಟದ ಹೊತ್ತು ಮೀರಿತ್ತು,
ಸಚೇತಕರು ಕಣ್ಣು ಮಾಡಿದರು,
ನಲವತ್ತು ಪುಟದಲ್ಲಿ ಒಂದನ್ನೂ ತಿರುವದೆ
ಕೈ ಎತ್ತಿದ್ದೆ.

ಎರಡು ಸಾವಿರ ಪ್ರತಿ. ಕಾಗದ, ಮಸಿ, ಮಡಿಸುವ ಕೂಲಿ.
ಆಮೇಲೆ ಜಿಎಸ್‌ಟಿ.
ತೆರಿಗೆ ಬೈಯುವ ಚೀಟಿಗೂ ತೆರಿಗೆಯಾ?
ಕರಪತ್ರ ಅಲ್ಲವೇ ಮೇಡಂ, ಕರ ಇಲ್ಲದೆ ಹೇಗೆ.
ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ:
ಬೇಕಾದರೆ ಬಿಲ್ಲಿಲ್ಲದೆ ಮಾಡಿಕೊಡಲಾ?

ನಮ್ಮಪ್ಪ ಸುಂಕದವನು.
ನಂಜನಗೂಡು ರಸ್ತೆಯ ನಾಕಾದಲ್ಲಿ ಹಗ್ಗ ಎಳೆದೂ ಎಳೆದೂ
ಬಲಭುಜ ಜೋತುಹೋಗಿತ್ತು.
‘ಸುಂಕದವನ ಮುಂದೆ ಸುಖದುಃಖ...’
ಮೇಷ್ಟ್ರು ಗಾದೆ ಶುರುಮಾಡಿದರೆ ಸಾಕು,
ಇಡೀ ತರಗತಿ ತಿರುಗಿ ನನ್ನನ್ನು ನೋಡುತ್ತಿತ್ತು.
ಸೊಪ್ಪಿಗೆ ಸುಂಕವಿಲ್ಲ, ಬೆಣ್ಣೆಗೆ ಉಂಟು.
ಹೊತ್ತು ಮೂಡುವ ಮುಂಚೆ ಬರುವ ಹೆಂಗಸರ ಬುಟ್ಟಿಯಲ್ಲಿ
ದಂಟಿನ ಸೊಪ್ಪಿನಡಿ, ಬಾಳೆಲೆ ಸುತ್ತಿದ ಬೆಣ್ಣೆಯುಂಡೆ.
ಅಪ್ಪ ಮೊಣಕೈವರೆಗೆ ಕೈ ಇಳಿಸಿ ತಡಕುತ್ತಿದ್ದ,
ಒಮ್ಮೊಮ್ಮೆ, ಸಿಕ್ಕಿಯೂ ಸಿಗದವನಂತೆ, ಹೊರತೆಗೆಯುತ್ತಿದ್ದ.
ರಾತ್ರಿ ನನ್ನ ತಲೆ ಸವರಿದರೆ ಬೆಣ್ಣೆಯ ವಾಸನೆ.
ಮೇಲಿನವರ ಚೀಟಿ ಹಿಡಿದು ಲಾರಿ ಬಂದರೆ
ಹಗ್ಗ ತಾನಾಗಿ ನೆಲಕ್ಕೆ ಬೀಳುತ್ತಿತ್ತಂತೆ.
ಅದನ್ನು ಒಂದೇ ಸಲ ಹೇಳಿದ್ದು,
ನನ್ನ ಮದುವೆಯ ಹಿಂದಿನ ದಿನ, ಕುಡಿದು.

ನಾಕಾ ಹೋಯಿತು. ಅಪ್ಪನೂ ಹೋದ.
ಈಗ ಮೊಸರಿಗೆ ಹೆಸರಿನ ಚೀಟಿ ಅಂಟಿಸಿದರೆ ಐದು,
ಅಂಟಿಸದಿದ್ದರೆ ಸೊನ್ನೆ.
ಬುಟ್ಟಿಯೊಳಗೆ ಇಳಿದ ಕೈ ಹಾಗೇ ಇದೆ,
ಸಿಕ್ಕಿಯೂ ಸಿಗದವನಂತೆ ಹೊರಬರುವುದನ್ನು
ಅದಕ್ಕೆ ಯಾರೂ ಕಲಿಸಿಲ್ಲ.

ಬಿಲ್ಲು ಹಾಕಿ ಸಾಬರೇ, ಅಂದೆ.
ಕೆಳಗೆ ಒಂದು ಸಾಲು ಸೇರಿಸಿ:
ಹಿಂದೊಂದು ದಿನ ಓದದೆ ನಾನೂ ಕೈ ಎತ್ತಿದ್ದೆ.
ಜಾಗ ಇಲ್ಲ ಮೇಡಂ, ಅಂದ ಹುಡುಗ.
‘ಮಾಜಿ’ಯನ್ನು ಸಣ್ಣದು ಮಾಡು.
ಪಾರ್ಟಿ ಆಫೀಸಿನವರು ಒಪ್ಪುತ್ತಾರಾ?
ಒಪ್ಪಲಿಕ್ಕಿಲ್ಲ. ನೀನು ಹಾಕು.

ಸಾಬರು ಪುಸ್ತಕದಿಂದ ರಸೀದಿ ಹರಿದರು.
ಆ ಸದ್ದು ನನಗೆ ಗೊತ್ತು.
ಯಂತ್ರ ಕೆಮ್ಮಿ ಶುರುವಾಯಿತು,
ಮೊದಲ ಹಾಳೆ ಕೈಗೆ ಬಂತು, ಮಸಿ ಇನ್ನೂ ಹಸಿ.
ಹೆಬ್ಬೆರಳು ಮೂಸಿ ನೋಡಿದೆ.
ಬೆಣ್ಣೆಯಲ್ಲ,
ಸೀಮೆಎಣ್ಣೆ.