ಕೂಗದ ಕುಕ್ಕರ್

ಈ ಊರಿನ ನೀರಿಗೆ ಬೇಳೆ ಬೇಯುವುದಿಲ್ಲ.
ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದ ವಾರದಲ್ಲೇ ಕಲಿತೆ:
ಸಾವಿರದಿನ್ನೂರು ಅಡಿ ಕೆಳಗಿಂದ ಎದ್ದು ಬಂದ ನೀರಿಗೂ
ತೊಗರಿಗೂ ಎಣ್ಣೆ-ಸೀಗೆಕಾಯಿ.
ಗಂಟೆಗಟ್ಟಲೆ ಕುದಿಸಿದರೂ
ಕಾಳು ಕಾಳಾಗಿಯೇ ತಳಕ್ಕೆ ಕೂತು
ಮೇಲೆ ಬರೀ ಅರಿಶಿನದ ನೀರು.

ಅದಕ್ಕೇ ತವರಿಂದ ಬಂದಿತ್ತು
ಐದು ಲೀಟರಿನ ಅಲ್ಯೂಮಿನಿಯಂ ಕುಕ್ಕರ್.
ಒಳಗೆ ಉಪ್ಪುಗಟ್ಟಿದ ಬಿಳಿ ಗೆರೆ,
ಹಿಡಿಗೆ ಸುತ್ತಿದ ಸೈಕಲ್ ಟ್ಯೂಬಿನ ತುಂಡು,
ಸಡಿಲ ಗ್ಯಾಸ್ಕೆಟ್ಟಿಗೆ ರಾತ್ರಿ ಫ್ರಿಜ್ಜಿನಲ್ಲಿ ವಾಸ.
ಒಂದು ಸಲ ಸೇಫ್ಟಿ ವಾಲ್ವ್ ಹಾರಿ
ಸೂರಿಗೆ ಬಡಿದ ಬೇಳೆಯ ಕಲೆ
ಎರಡು ಸಾರಿ ಸುಣ್ಣ ಹೊಡೆಸಿದರೂ ಹೋಗಲಿಲ್ಲ.
ಮಗ ಅದನ್ನು ಆಂಧ್ರದ ನಕ್ಷೆ ಅನ್ನುತ್ತಾನೆ.

ಕೂಗುತ್ತಿತ್ತು ಅದು.
ಮೊದಲ ಕೂಗಿಗೆ ಮಗ ಮಗ್ಗುಲು ಬದಲಿಸುತ್ತಿದ್ದ,
ಎರಡನೆಯದಕ್ಕೆ ಬಚ್ಚಲ ಬಾಗಿಲು ಹಾಕಿದ ಸದ್ದು.
ಗೋಡೆಯಾಚೆ ಮುಬೀನಕ್ಕ ಮೂರನೆಯದಕ್ಕೆ
ಗಂಡನ ಡಬ್ಬಿಗೆ ಮುಚ್ಚಳ ಒತ್ತುತ್ತಿದ್ದಳು.
ಅವನಿಗೆ ಫಿಲೇಚರಿನಲ್ಲಿ ಬಾಯ್ಲರ್ ಕೆಲಸ,
ಗೂಡು ಬೇಯಿಸುವ ನೀರು
ಹೆಣ್ಣಾಳುಗಳು ಬರುವ ಮೊದಲೇ ಕಾದಿರಬೇಕು.
(ಅಲ್ಲಿಯೂ ಇದೇ ನೀರು. ಅಲ್ಲಿ ಹೇಗೋ ಬೇಯುತ್ತದೆ.)
ಮಹಡಿಯ ಪಾಪಣ್ಣ ಮೇಷ್ಟ್ರು
ಲೆಕ್ಕವಿಟ್ಟುಕೊಂಡೇ ಇಳಿದು ಬರುವರು:
"ಆರು ಕೂಗಾಯ್ತು, ಹುರುಳಿಕಾಳೇನಮ್ಮಾ?"

ಕಳೆದ ತಿಂಗಳು ಚೀಟಿ ಎತ್ತಿದ ದುಡ್ಡಲ್ಲಿ
ಚಿಂತಾಮಣಿಗೆ ಹೋಗಿ ಹೊಸದು ತಂದೆ.
ಸ್ಟೀಲು. ದಪ್ಪ ತಳ. ಮುಖ ನೋಡಿ ಬೈತಲೆ ತೆಗೆಯಬಹುದು.
ತಲೆಯ ಮೇಲೆ ವೆಯಿಟ್ ಇಲ್ಲ, ಬದಲಿಗೆ ಒಂದು ಕಡ್ಡಿ,
ಕಡ್ಡಿಯ ಮೈಗೆ ಎರಡು ಕೆಂಪು ಗೆರೆ.
ಅಂಗಡಿಯವನು ಹೇಳಿದ: "ಇದು ಕೂಗಲ್ಲಮ್ಮಾ.
ಎರಡನೇ ಗೆರೆ ಕಂಡ ತಕ್ಷಣ ಉರಿ ಸಣ್ಣ ಮಾಡಿ,
ಗಡಿಯಾರ ನೋಡಿ ಹತ್ತೇ ನಿಮಿಷ.
ಕಡ್ಡಿ ತಾನಾಗಿ ಕುಸಿಯೋ ತನಕ
ಮುಚ್ಚಳದ ತಂಟೆಗೆ ಹೋಗಬೇಡಿ."
ಹಳೆಯದನ್ನು ಅಲ್ಲೇ ತೂಕಕ್ಕೆ ಹಾಕಿದೆ,
ಮುನ್ನೂರ ಹತ್ತು ರೂಪಾಯಿ.

ಸೋಮವಾರ, ಮಸ್ಸೊಪ್ಪು.
ದಂಟು, ತೊಗರಿ, ಎರಡು ಟೊಮೇಟೊ, ಒಂದು ಗೆಡ್ಡೆ ಬೆಳ್ಳುಳ್ಳಿ.
ಒಂದು ಗೆರೆ ಎದ್ದಿತು, ಇನ್ನೊಂದು ಎದ್ದಿತು,
ಕಿವಿಗೊಟ್ಟು ಕೇಳಿದರೆ ಒಳಗೆ ಸಣ್ಣಗೆ
ಯಾರೋ ಗುಟ್ಟು ಹೇಳಿಕೊಂಡಷ್ಟೇ ಸದ್ದು.
ಮುಚ್ಚಳ ತೆಗೆದಾಗ ಬೇಳೆ
ಬೆರಳಿಗೆ ಬೆಣ್ಣೆ. ಹನ್ನೊಂದು ವರ್ಷದಲ್ಲಿ
ಈ ನೀರು ಇಷ್ಟು ಸೋತದ್ದು ನಾನು ಕಂಡಿರಲಿಲ್ಲ.
ಒಬ್ಬಳೇ ನಕ್ಕೆ.

ಆಮೇಲೆ ಬಾಗಿಲು ಬಡಿದರು.
ಮುಬೀನಕ್ಕ: "ಏನೇ ಗಂಗರತ್ನಾ, ಹುಷಾರಿಲ್ವಾ?
ಒಲೆ ಹಚ್ಚಿಲ್ವಾ? ನಮ್ಮ ಮನೆಯೋರು
ಡಬ್ಬಿ ಬಿಟ್ಟು ಓಡಿದರು ನೋಡು!"
ಹಿಂದೆ ಪಾಪಣ್ಣ ಮೇಷ್ಟ್ರು, ಕೈಯಲ್ಲಿ ಮಾತ್ರೆ ಚೀಟಿ,
"ಇವತ್ತು ಭಾನುವಾರವೇನಮ್ಮಾ?"
ಒಳಗೆ ಮಗ ಇನ್ನೂ ಗೊರಕೆ,
ಶಾಲೆಯ ವ್ಯಾನು ಬೀದಿ ತುದಿಯಲ್ಲಿ ಹಾರ್ನ್ ಹೊಡೆದು
ಕಾದು, ಹೋಗಿಯೂ ಆಗಿತ್ತು.
ಮೂರು ಮನೆ ಹೊತ್ತು ತಪ್ಪಿ ನಿಂತ ಕಡೆ
ನಾನು ಬೆಂದ ಬೇಳೆಯ ಸೌಟು ಹಿಡಿದು
ತಪ್ಪು ಮಾಡಿದವಳಂತೆ ನಿಂತಿದ್ದೆ.
"ರುಚಿ ನೋಡಿ," ಅಂದೆ. ನೋಡಿದರು.
ಚೆನ್ನಾಗಿದೆ ಅಂದರು, ಆದರೆ ಯಾರ ಮುಖವೂ ಅರಳಲಿಲ್ಲ.

ಮಂಗಳವಾರ ಎರಡನೇ ಗೆರೆ ಎದ್ದಾಗ
ಕೈಗೆ ಸಿಕ್ಕಿದ್ದು ಮುದ್ದೆಯ ಕೋಲು.
ಗೋಡೆಗೆ ಒಂದು. ತಡೆದು ಇನ್ನೊಂದು.
ಮಗ ಎದ್ದು ಕೂತು "ಏನಮ್ಮಾ?" ಅಂದ.
ಮೂರನೆಯದನ್ನು ಹೊಡೆದು ಕಾದೆ.
ಮೇಲೆ ಮಂಚ ಕಿರ್ರೆಂದಿತು.
ಗೋಡೆಯಾಚೆಯಿಂದ, ಡಬ್ಬಿ ಮುಚ್ಚಿದ ಸದ್ದಿನ ಬೆನ್ನಿಗೇ,
ಮುಬೀನಕ್ಕನ ದನಿ:
"ಸ್ವಲ್ಪ ಮೆಲ್ಲಗೆ ಕಣೇ,
ನಮ್ಮ ಕಡೆ ಗಿಲಾವು ಉದುರ್ತಿದೆ."