ಮನಿಗಂತ ಒಂದು

ಮೂರು ಗೇಣು, ಮ್ಯಾಲ ನಾಕು ಬಟ್ಟು.
ಮಿಕ್ಸರಿಗೂ ನೀರಿನ ಫಿಲ್ಟರಿಗೂ ನಡುವ
ಕಡಪಾ ಕಲ್ಲಿನ ಮ್ಯಾಲ ಉಳಿದ ಜಾಗ ಇಷ್ಟ.
ಎರಡು ಸಲ ಅಳದೀನಿ.
ಮಿಷನ್ನು ಇದರಾಗ ಕುಂದರಬೇಕು,
ಚೀಟಿ ಎತ್ತಿದ ರೊಕ್ಕದಾಗ ಬರಬೇಕು.

ನಗ್ರಿ ಬೇಕಾದ್ರ.
ಗಂಗಾವತ್ಯಾಗ ಚಾ ಬಿಟ್ಟು ಕಾಫಿ ಕುಡಿಯಾಕಿ ಅಂದ್ರ
ಜ್ವರ ಬಂದಾಕಿ, ಇಲ್ಲಾ ದೊಡ್ಡಸ್ತಿಕಿ ತೋರಸಾಕಿ.
ನೆಲ್ಲು ಕೊಯ್ಯೋ ಮಿಷನ್ ಓಡಸಾಂವ ನಮ್ಮ ಗಾದಿಲಿಂಗ ಅಂದ:
"ಇಪ್ಪತ್ತು ಸಾವಿರ ಕೊಟ್ಟು ಕಹಿ ಕೊಂಡ್ಕೊಂತಿಯೇನ?
ಬೇವಿನ ಗಿಡ ಹಿತ್ತಲದಾಗ ಪುಕ್ಕಟ ಐತಿ."

ನಾ ಮಾತಾಡಲಿಲ್ಲ.
ಸಾಣಾಪುರದಾಗ, ಬಂಡಿಗಲ್ಲಿನ ಬೆನ್ನಿಗೆ ಆನಿಸಿ ಕಟ್ಟಿದ ಹೋಟ್ಲಾಗ
ಹನ್ನೊಂದು ವರ್ಸ ಇದ ಕಹಿ ಇಳಿಸೀನಿ,
ಯಾವ್ಯಾವ ದೇಶದವರಿಗೋ.
ಹದಿನೆಂಟು ಗ್ರಾಂ. ಇಪ್ಪತ್ತೈದು ಸೆಕೆಂಡು.
ಮ್ಯಾಲ ಹೊಸಾ ಬೆಲ್ಲದ ಬಣ್ಣದ ನೊರಿ.
ಮಾಲಕ ಬೀಜ ತೂಗಿ ಕೊಡ್ತಿದ್ದ, ತೂಗಿ ಇಸಗೊಂತಿದ್ದ.
ನನ್ನ ಬಾಯಿಗೆ ಬಂದದ್ದು ಕೆಟ್ಟದ್ದು ಮಾತ್ರ:
ಹುಳಿಯಾದದ್ದು, ಸುಟ್ಟದ್ದು, ಯಾರೋ ಬ್ಯಾಡಂದದ್ದು,
ಸಿಂಕಿನ ಮುಂದ ನಿಂತು, ಒಂದ ಗುಟುಕಿಗೆ.

ಹೋಟ್ಲು ಮುಚ್ಚಿ ಎರಡು ವರ್ಸ.
ಈಗ ರಾತ್ರಿ ಫೋನಿನಾಗ ಮಿಷನ್ ನೋಡ್ತೀನಿ,
ಬ್ಯಾರೆಯವರು ಸೀರಿ ನೋಡಿದಂಗ.
ಒಂದಕ್ಕ ಮಾತ್ರಿಯಂಥ ಡಬ್ಬಿ ಹಾಕಿ ಗುಂಡಿ ಒತ್ತಿದ್ರ ಸಾಕಂತ.
ಆ ಡಬ್ಬಿ ತೀರಿದ ದಿನ ಯಾರ ಮನಿ ಬಾಗಲಾ ಬಡೀಲಿ?
ಒಂದಕ್ಕ ಎರಡು ಬಾಯ್ಲರು, ಬೆಲಿ ಕೇಳಿದ್ರ ಜೋಡಿ ಎಮ್ಮಿ ಬರ್ತಾವ.
ಇನ್ನೊಂದು ಫಳಫಳ ಸ್ಟೀಲು,
ಎದಿಮ್ಯಾಲ 'ಹದಿನೈದು ಬಾರ್' ಅಂತ ಹಚ್ಚಿ ಬರಕೊಂಡೈತಿ.

ಅದರ ಫೋಟೋ ಬುಡನ್‌ಸಾಬಗ ತೋರಿಸಿದೆ.
ಕುಸುಬಲಕ್ಕಿ ಮಿಲ್ಲಿನಾಗ ಬಾಯ್ಲರ್ ಕಾಯಾಂವ,
ಅರ್ಧ ಹುಬ್ಬು ಸುಟ್ಟಾಂವ, ಕಿವಿಯೊಳಗ ಹೊಟ್ಟಿನ ಬೂದಿ.
"ಹದಿನೈದು ಯಾತಕ್ಕವಾ? ಎಷ್ಟು ಚೀಲ ಕುದಸಾಕಿ?"
"ಒಂಬತ್ತು ಸಾಕು, ಸಾಬಣ್ಣ."
"ಮತ್ತ ಉಳಿದ ಆರು?"
"ಅವು ಮಾರಾಕ."
ನಕ್ಕ. ಆಮ್ಯಾಲ ಕನ್ನಡಕ ತಗದು ಕೇಳಿದ:
"ನೀರು ಬೋರಿಂದೋ, ಕಾಲುವಿದೋ?"

ಯಾವ ಅಂಗಡ್ಯಾಂವನೂ ಇದನ್ನ ಕೇಳಿರಲಿಲ್ಲ.
ನಮ್ಮದು ಬೋರಿನ ನೀರು.
ಹಂಡೆದೊಳಗ ಇನ್ನೊಂದು ಬಿಳೀ ಹಂಡೆ ಕಟ್ಟೋ ನೀರು.
"ಹಂಗಾದ್ರ ಕೊಳವ್ಯಾಗ ಸುಣ್ಣ ಕಟ್ಟಿ ಆರು ತಿಂಗಳಿಗೆ ಸಾಯ್ತೈತಿ.
ಒಳಗ ನೀರು ನಿಲ್ಲದ್ದು ಯಾವುದಾರ ಐತೇನು?"

ಇತ್ತು. ನೋಡಿ ನೋಡಿ ಮುಂದ ಸರಿಸಿದ್ದೆ.
ವಾಯರ್ ಇಲ್ಲ, ಗುಂಡಿ ಇಲ್ಲ, ಉದ್ದನ್ನ ಹಿಡಿಕಿ ಒಂದು.
ಫಿಲ್ಟರಿನ ನೀರು ಬ್ಯಾರೆ ಕಾಸಿ ಸುರುವಿ
ಎರಡೂ ಕೈಲೆ ಕೆಳಗ ಒತ್ತೂದು;
ಒಂಬತ್ತು ಬಾರು ನನ್ನ ರಟ್ಟಿಯೊಳಗಿಂದ ಬರಬೇಕು.
ಕರೆಂಟ್ ಹೋದ್ರೂ ನಡೀತೈತಿ. ಗೇಣು ಒಂದೂವರಿ.
ಹಾಲಿಗೆ ಹಬಿ ಇಲ್ಲ.
ಹಾಲು ಬೇಕಾದಾಂವ ಚಾ ಕುಡೀಲಿ.

ಉಳಿದ ರೊಕ್ಕ ಎಲ್ಲಾ ಬೀಸೂ ಮಿಷನ್ನಿಗೆ ಹಾಕಿದೆ.
ಗಾದಿಲಿಂಗ ಲೆಕ್ಕ ಕೇಳಿದ, ಹೇಳಿದೆ:
ಹಿಟ್ಟು ನೆಟ್ಟಗಿರದಿದ್ರ ಎಷ್ಟು ಬಡಿದ್ರೇನು, ರೊಟ್ಟಿ ಹರೀತೈತಿ.
ಅದು ಅಂವಗೂ ತಿಳೀತು.

ಮಂಗಳವಾರ ಬಂತು.
ಮೊದಲನೇದು ಹುಳಿ. ಎರಡನೇದು ಬರೇ ಬಣ್ಣದ ನೀರು.
ಮೂರನೇದಕ್ಕ ಒತ್ತಿದಾಗ ಹಿಡಿಕಿ ತಿರುಗಿ ನನ್ನ ಒತ್ತಿತು,
ಯಾವ ಗೇಜಿಗಿಂತ ಮೊದಲ ಅಂಗೈಗೆ ಗೊತ್ತಾತು.

ಕಪ್ಪು ಹಿಡಕೊಂಡು ನೋಡ್ತೀನಿ,
ರೂಢಿ, ಸಿಂಕಿನ ಮುಂದ ನಿಂತೀನಿ.
ಮಿಷನ್ನಿಗೆ ಜಾಗ ಅಳದಿದ್ದೆ ಎರಡೆರಡು ಸಲ.
ಕುಂದರಾಕ ಅಳದಿರಲಿಲ್ಲ.

ಅಕ್ಕಿ ಡಬ್ಬಿ ಮ್ಯಾಲ ಕುಂತೆ.
ಸುಡಾಕತ್ತಿತ್ತು. ಕಾದೆ.
"ಹೆಂಗೈತಿ ಕಹಿ?" ಅಂದ ಗಾದಿಲಿಂಗ ಹೊರಗಿಂದ.
ತಡಿ, ಅಂದೆ,
ಇನ್ನಾ ಕುಡಿಯಾಕ ಹತ್ತೀನಿ.